ಅಪ್ಪ ಕೂತ ಹರಿಗೋಲು

ಹಾವಂತೂ ಅಲ್ಲ. ಹಾವಿನ ಭಯಕ್ಕೆ ಹರಿಗೋಲು ಇಷ್ಟು ಕುಸಿಯುವುದಿಲ್ಲ. ಅದೂ ಅಲ್ಲದೆ, ಹಿಂದೊಮ್ಮೆ ಅಂಗಡಿಯ ಚಿಂದಿಬಟ್ಟೆಯ ರಾಶಿಯೊಳಗೆ ಹಾವೊಂದು ಸುರುಳಿ ಸುತ್ತಿ ಮಲಗಿದ್ದಾಗ, ಬೀದಿಯವರೆಲ್ಲ ಜಗಲಿ ಹತ್ತಿ ಕೂಗುತ್ತಿದ್ದರೆ, ಗಜಕಡ್ಡಿಯಿಂದ ಅದನ್ನು ಮೆಲ್ಲಗೆ ಎತ್ತಿ ಹಿತ್ತಲ ಗೋಡೆಯಾಚೆ ಬಿಟ್ಟು ಬಂದು ಮತ್ತೆ ಮೆಷಿನ್ ತುಳಿಯತೊಡಗಿದವರು ಅಪ್ಪ. ಹಾಗಾದರೆ ಬಾವಿಯೇ? ಬಾವಿಯ ಭಯವನ್ನು ಹೇಳಿಯಾಗಿತ್ತು. ಕತ್ತಲೆಯೇ? ಅದನ್ನೂ ಹೇಳಿಯಾಗಿತ್ತು. ಇನ್ನೇನು ಉಳಿದಿದೆ ಈ ಮನುಷ್ಯನ ಹೊಟ್ಟೆಯೊಳಗೆ? ದಡದಲ್ಲಿ ನಿಂತು ನಾನು ಇದನ್ನೇ ಯೋಚಿಸುತ್ತಿದ್ದೆ. ಅಪ್ಪ ಹರಿಗೋಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು. ಕೊರಳಲ್ಲಿ ಅಳತೆಯ ಟೇಪು, ಮಡಿಲಲ್ಲಿ ಮೊಮ್ಮಗಳಿಗೆಂದು ಹೊಲಿದ ಕುಲಾವಿಯ ಗಂಟು. ನೀರು ಅಂಚಿನವರೆಗೆ ಬಂದು ಒಳಗೆ ಇಣುಕುತ್ತಿತ್ತು.

"ಇಳೀರಿ ಯಜಮಾನ್ರೆ," ಎಂದ ಅಂಬಿಗ ಮೈಲಾರಪ್ಪ, ಹುಟ್ಟನ್ನು ನೆಲಕ್ಕೆ ಊರಿ. "ಈ ಹರಿಗೋಲಾಗೆ ಎಮ್ಮೆ ದಾಟ್ಸೀನಿ, ಮದ್ವಿ ದಿಬ್ಬಣ ದಾಟ್ಸೀನಿ. ನಿಮ್ಮೊಬ್ರನ್ನ ದಾಟ್ಸಾಕೆ ಆಗ್ವಲ್ದು."

ಅಪ್ಪ ಇಳಿದರು. ಹರಿಗೋಲು ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು.

ನಮ್ಮ ಹೊಳೆಯ ಮೇಲೆ ಭಯಕ್ಕೆ ತೂಕವಿತ್ತು. ಈಚೆ ದಡದಲ್ಲಿ ಪೇಟೆ, ಆಚೆ ದಡದಲ್ಲಿ ಹಳ್ಳಿ, ನಡುವೆ ಮೈಲಾರಪ್ಪನ ಹರಿಗೋಲು. ಅಂಜಿದವರು ಹತ್ತಿದರೆ ಅದು ಕುಸಿಯುತ್ತಿತ್ತು, ಅಂಜದವರು ಹತ್ತಿದರೆ ತೇಲುತ್ತಿತ್ತು. ಇದರಿಂದ ಜನ ಒಂದಷ್ಟು ರೂಢಿಗಳನ್ನು ಮಾಡಿಕೊಂಡಿದ್ದರು. ಧೈರ್ಯಸ್ಥರೆಂದು ಹೆಸರಾದವರು ಹೊಳೆಯ ಕಡೆ ಸುಳಿಯುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಹುಡುಗ ಹರಿಗೋಲು ಹತ್ತುವಾಗ ನೀರಿನ ಕಡೆ ಕಣ್ಣಿಡುತ್ತಿದ್ದರು. ಎರಡೂ ದಡದಲ್ಲಿ ಒಂದೊಂದು ಚಪ್ಪರವಿತ್ತು. ದಾಟಬೇಕಾದವರು ಅಲ್ಲಿ ಕೂತು ತಮ್ಮ ಭಯವನ್ನು ಬಾಯಿಬಿಟ್ಟು ಹೇಳಬೇಕು, ಅದೂ ಎದುರು ದಡದವರಿಗೇ. ಅದಕ್ಕೆ ಹಗುರಾಗುವುದು ಎನ್ನುತ್ತಿದ್ದರು. ನಮ್ಮ ದಡದವರಿಗೇ ಹೇಳಿಕೊಂಡರೆ ಉಪಯೋಗವಿರಲಿಲ್ಲ. ಪೇಟೆಯವರು ಹಳ್ಳಿಯ ಬಗ್ಗೆ ಪೇಟೆಯವರಿಗೆ ಹೇಳಿದರೆ, ಕೇಳಿದವರು ತಮ್ಮದೂ ಎರಡು ಚೇಳು ಸೇರಿಸಿ ಕಳಿಸುತ್ತಿದ್ದರು.

ಡಿಗ್ರಿ ಮುಗಿಸಿ, ಏನು ಮಾಡಬೇಕೆಂದು ತಿಳಿಯದೆ ಇದ್ದ ಆ ದಿನಗಳಲ್ಲಿ ನಾನು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಆ ಚಪ್ಪರದಲ್ಲೇ. ಭಯ ಹೇಳುವವರು ಹೇಳುವ ಮುಂಚೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ನನಗೆ ಆ ಸುಮ್ಮನಿರುವಿಕೆಯನ್ನು ಕೇಳುವುದು ಇಷ್ಟವಾಗಿತ್ತು. ಆಮೇಲೆ ಬರುತ್ತಿದ್ದ ಮಾತುಗಳು ನಗೆ ತರಿಸುತ್ತಿದ್ದವು.

"ಅಲ್ಲಿ ರಾತ್ರಿ ಸೂರಿನಿಂದ ಚೇಳು ಬೀಳ್ತಾವಂತಲ್ಲ?" ಎಂದು ಕೇಳುತ್ತಿದ್ದರು ಪೇಟೆಯ ಹೆಂಗಸರು.

"ಬೀಳ್ತಾವಮ್ಮ, ನಿಮ್ಮನ್ನ ಕೇಳ್ಕಂಡೇ ಬೀಳ್ತಾವ," ಎನ್ನುತ್ತಿದ್ದಳು ಆಚೆಯ ಮುದುಕಿಯೊಬ್ಬಳು. "ನಾನು ಹುಟ್ಟಿ ಮುದುಕಿ ಆದೆ. ನನ್ನ ಮ್ಯಾಲೆ ಬಿದ್ದಿದ್ದು ಅಂದ್ರೆ ನಮ್ಮತ್ತಿ ಒಬ್ಬಾಕೆ."

ಮರಳಿ ಬರುವವರು ಆಚೆ ದಡದ ಚಪ್ಪರದಲ್ಲಿ ಹಳ್ಳಿಯವರ ಸರದಿಯನ್ನು ಕೇಳಿಕೊಂಡು ಬರುತ್ತಿದ್ದರು. ಪೇಟೆಯಲ್ಲಿ ಎಡವಿ ಬಿದ್ದರೆ ತುಳಿದುಕೊಂಡು ಹೋಗುತ್ತಾರಂತೆ. ಮನೆಯ ಮೇಲೆ ಮನೆ ಕಟ್ಟುತ್ತಾರಂತೆ, ಮಲಗಿದಾಗ ಗುರುತಿಲ್ಲದವರು ನಮ್ಮ ತಲೆಯ ಮೇಲೆ ಓಡಾಡುತ್ತಾರಂತೆ. ದಾರಿ ಕೇಳಿದರೆ ಬೇಕೆಂದೇ ತಪ್ಪು ಹೇಳುತ್ತಾರಂತೆ. "ನೀವು ಬಿದ್ರೆ ತುಳಿಯೋರು ಯಾರು ಅಜ್ಜಾರೆ? ನೋಡೋಕೇ ಅರ್ಧ ಪೇಟೆ ಸೇರುತ್ತೆ," ಎಂದು ನಮ್ಮವರು ಸಮಾಧಾನ ಹೇಳುತ್ತಿದ್ದರು. ಹೀಗೆ ದಿನವೂ ಎರಡು ದಡದ ಭಯಗಳು ಅದಲುಬದಲಾಗಿ, ನಗೆಯಾಗಿ, ಹೊಳೆ ದಾಟುತ್ತಿದ್ದವು. ನಿಜಕ್ಕೂ ಜನಕ್ಕೆ ಆಗುತ್ತಿದ್ದ ತೊಂದರೆ ಬೇರೆಯೇ. ಹಳ್ಳಿಗೆ ಹೋದವರನ್ನು ಚೇಳು ಕುಟುಕಲಿಲ್ಲ, ಊಟದ ಒತ್ತಾಯಕ್ಕೆ ಹೊಟ್ಟೆ ಕೆಟ್ಟು ಬಂದರು. ಪೇಟೆಗೆ ಬಂದವರನ್ನು ಯಾರೂ ತುಳಿಯಲಿಲ್ಲ, ಹೊಸ ಚಪ್ಪಲಿ ಕಚ್ಚಿ ಕುಂಟುತ್ತ ಹೋದರು.

ಈಗ ಸೇತುವೆಯಾಗಿದೆ. ಸೇತುವೆಯ ಮೇಲೆ ಭಯಕ್ಕೆ ತೂಕವಿಲ್ಲ. ಎಲ್ಲರೂ ತಮ್ಮ ತಮ್ಮ ಭಯವನ್ನು ಕಾಪಾಡಿಕೊಂಡೇ ದಾಟುತ್ತಾರೆ.

ನನ್ನ ಅಕ್ಕ ದಾಕ್ಷಾಯಣಿಗೂ ಭಾವ ರುದ್ರೇಶನಿಗೂ ಪರಿಚಯವಾದದ್ದು ನಮ್ಮ ದಡದ ಚಪ್ಪರದಲ್ಲಿ. ಅಮ್ಮ ಹೋದ ಮೇಲೆ ನಮ್ಮ ಮನೆ ನಡೆದದ್ದು ಅಕ್ಕನಿಂದ. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ಅಪ್ಪನ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹಚ್ಚುವುದು. ಅಪ್ಪ ಮೆಷಿನ್ ತುಳಿಯುತ್ತ ಅವಳೊಡನೆ ಮಾತಾಡುತ್ತಿದ್ದರು. ಬೇರೆ ಯಾರೊಡನೆಯೂ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಗೆಳತಿಯ ಮದುವೆಗೆಂದು ಅಕ್ಕ ಆಚೆ ದಡಕ್ಕೆ ಹೊರಟಳು. ಹೀರೆಕಾಯಿ ಮೂಟೆ ಮಾರಿ ಮರಳಲು ಕಾಯುತ್ತಿದ್ದ ರುದ್ರೇಶನೇ ಅವತ್ತು ಅವಳ ಭಯಕ್ಕೆ ಸಿಕ್ಕಿದ ಕಿವಿ.

"ನಿಮ್ಮ ಕಡೆ ಸಂಜೆಯಾದ ಮೇಲೆ ಯಾರೂ ಮಾತಾಡೋದೇ ಇಲ್ವಂತೆ. ನಮ್ಮ ಉಸಿರು ನಮಗೇ ಕೇಳಿಸುತ್ತಂತೆ," ಎಂದಳು ಅಕ್ಕ.

"ನೀವೊಂದ್ಸಾರಿ ನಮ್ಮವ್ವನ್ನ ನೋಡ್ಬೇಕು ಕಣ್ರಿ," ಎಂದ ಅವನು. "ಉಸಿರು ಕೇಳ್ಸೋದಿರ್ಲಿ, ಉಸಿರಾಡಾಕೂ ಬಿಡಂಗಿಲ್ಲ."

ಅಕ್ಕ ನಕ್ಕು ಹಗುರಾದಳು. ಆಮೇಲೆ ಅವನು, ಕೇಳದಿದ್ದರೂ, ತನ್ನದನ್ನು ಹೇಳಿದ. ಪೇಟೆಯ ಕ್ಷೌರದಂಗಡಿಯಲ್ಲಿ ಹಿಂದೊಂದು ಮುಂದೊಂದು ಕನ್ನಡಿ. ಅದರೊಳಗೆ ತಾನು ಸಾಲಾಗಿ ನಿಂತಿರುವುದು ಕಂಡಿತಂತೆ. ಸಾಲಿನ ಕೊನೆಯಲ್ಲಿದ್ದವನು ಯಾಕೋ ತಾನಲ್ಲ ಅನ್ನಿಸಿತಂತೆ. ಅಕ್ಕ ಅದಕ್ಕೆ ನಗಲಿಲ್ಲ. "ನನಗೂ ಹಾಗೇ ಅನ್ಸಿದೆ," ಎಂದಳು. ಅಷ್ಟೇ. ಮುಂದಿನ ಸುಗ್ಗಿಯ ಹೊತ್ತಿಗೆ ಮದುವೆಯಾಯಿತು, ಈಚೆ ದಡದಲ್ಲೇ.

ಅಪ್ಪ ಬೇಡವೆನ್ನಲಿಲ್ಲ. ಮದುವೆಯ ರವಿಕೆಗಳಿಗೆಲ್ಲ ಎರಡೆರಡು ಹೊಲಿಗೆ ಹಾಕಿದರು, ಯಾವುದೋ ಯುದ್ಧಕ್ಕೆ ಕಳಿಸುವವರ ಹಾಗೆ. ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣು ಕೊಟ್ಟ ತಂದೆ ಮೊದಲು ಹೋಗಿ ಮಗಳ ಮನೆಯಲ್ಲಿ ಉಂಡು ಬರಬೇಕು. ಅಲ್ಲಿಯವರೆಗೆ ಮಗಳು ತವರಿನ ಹೊಸ್ತಿಲು ತುಳಿಯುವಂತಿಲ್ಲ. ಹೆಚ್ಚೆಂದರೆ ಹದಿನೈದು ದಿನದ ಮಾತು ಅದು. ಅಪ್ಪ ಹದಿನೈದನೆಯ ದಿನ ಹೊಸ ಪಂಚೆಯುಟ್ಟು ಹೊರಟರು. ಹಾವಿನ ಭಯ ಹೇಳಿದರು. ಆಚೆಯವರು ನಕ್ಕರು. ಅಪ್ಪ ಹರಿಗೋಲು ಹತ್ತಿದರು, ಹರಿಗೋಲು ಮುಳುಗತೊಡಗಿತು.

ಅಂದಿನಿಂದ ಶುರುವಾಯಿತು. ಅಪ್ಪನ ಬೀಗಿತ್ತಿ, ರುದ್ರೇಶನ ತಾಯಿ ಹಾಲಮ್ಮ, ಸಂತೆಯ ದಿನ ಬದನೆ ಬುಟ್ಟಿ ಹೊತ್ತು ಬರುತ್ತಿದ್ದರು. ಬುಟ್ಟಿ ಇಳಿಸಿ ನೇರ ಅಂಗಡಿಗೆ ಬಂದು, "ಬೀಗ್ರೆ, ನಮ್ಮನಿ ಸುತ್ತ ಬೇಲಿ ಪೂರಾ ಸವರೀವಿ. ಹುತ್ತ ಇದ್ದ ಹೊಲಾನೇ ಬಿಟ್ಟುಕೊಟ್ಟೀವಿ. ಈಗ ಬರ್ರಿ," ಎಂದರು. ಅಪ್ಪ ಬಾವಿಯ ವಿಷಯ ತೆಗೆದರು. ಕಟ್ಟೆಯಿಲ್ಲದ ಬಾವಿ, ಕಾಲು ಜಾರಿದರೆ? ಹಳ್ಳಿಯವರು ಬಾವಿಗೆ ಎದೆಯೆತ್ತರ ಕಟ್ಟೆ ಕಟ್ಟಿದರು. ಪಾಪ, ಆಮೇಲೆ ಕುಳ್ಳ ಹೆಂಗಸರು ನೀರು ಸೇದಲು ಕಲ್ಲು ಹತ್ತಬೇಕಾಯಿತು. ಅಪ್ಪ ಕತ್ತಲೆ ಎಂದರು. ದಡದಿಂದ ಅಕ್ಕನ ಮನೆಯವರೆಗೆ ಮರಮರಕ್ಕೂ ಲಾಟೀನು ನೇತುಹಾಕಿದರು, ಅಪ್ಪ ಹೋಗಬೇಕಾದದ್ದು ಹಗಲಿನಲ್ಲೇ ಎಂಬುದು ಯಾರಿಗೂ ಹೊಳೆಯಲಿಲ್ಲ. ಅಪ್ಪ ನಾಯಿ ಎಂದರು. ನಾಯಿಗಳಿಗೆಲ್ಲ ಹಗ್ಗ ಬಂತು. ಒಂದಿಡೀ ಊರು ಒಬ್ಬ ಟೈಲರನಿಗಾಗಿ ತನ್ನನ್ನು ತಿದ್ದಿಕೊಳ್ಳುತ್ತಿತ್ತು. ಹರಿಗೋಲು ಮಾತ್ರ ಪ್ರತಿ ಸಲವೂ ಮೊದಲಿನಷ್ಟೇ ಕುಸಿಯುತ್ತಿತ್ತು.

"ಬ್ಯಾರೆ ಏನೋ ಐತೆ," ಎನ್ನುತ್ತಿದ್ದ ಮೈಲಾರಪ್ಪ. "ಇದ್ದಿದ್ದು ಹೇಳಿದ್ರೆ ಭಾರ ಇಳೀತೈತೆ. ಇಲ್ದಿದ್ದು ಹೇಳಿದ್ರೆ ಅದು ಹ್ಯಾಂಗ ಇಳೀತೈತೆ?"

ನಾನು ಹಗುರವಾಗಿಯೇ ಇದ್ದೆ, ಹೋಗಿ ಬರುತ್ತಿದ್ದೆ. ಹಬ್ಬ ಬಂದಾಗಲೆಲ್ಲ ಅಪ್ಪ ಒಂದು ರವಿಕೆ ಹೊಲಿದು ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಅಕ್ಕನ ಅಳತೆ ಅವರಿಗೆ ಬಾಯಿಪಾಠ. ಮೊದಲ ಹಬ್ಬದ ರವಿಕೆ ಕೊಟ್ಟು ಬಂದಾಗ ಅಪ್ಪ ಕೇಳಿದರು.

"ಹೇಗಿದಾಳೆ?"

"ಚೆನ್ನಾಗಿದಾಳೆ."

"ಹಾಗೆ ಹೇಳು ಅಂದಿರ್ತಾಳೆ. ಸೊರಗಿದಾಳಾ?"

"ಇಲ್ಲಪ್ಪ. ಮೈ ತುಂಬ್ಕೊಂಡಿದಾಳೆ."

ಅಪ್ಪ ನನ್ನ ಮುಖ ನೋಡಲಿಲ್ಲ. ಮುಂದಿನ ಹಬ್ಬದ ರವಿಕೆಯನ್ನು ಬದಿಯಲ್ಲಿ ಒಂದಿಷ್ಟು ಕಿರಿದಾಗಿ ಕತ್ತರಿಸಿ ಹೊಲಿದರು. ಅದರ ಮುಂದಿನದನ್ನು ಇನ್ನೂ ಒಂದಿಷ್ಟು. ನಾನು ಚೆನ್ನಾಗಿದಾಳೆ ಎಂದಷ್ಟೂ ರವಿಕೆ ಬಿಗಿಯಾಗುತ್ತ ಹೋಯಿತು. ಅಪ್ಪನ ಕಣ್ಣಮುಂದೆ ಒಬ್ಬಳು ದಾಕ್ಷಾಯಣಿಯಿದ್ದಳು. ರಾಗಿಮುದ್ದೆ ಸೇರದೆ, ಮಾತಿಗೆ ಜನವಿಲ್ಲದೆ, ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದಳು. ಅಪ್ಪ ಅವಳಿಗೆ ಹೊಲಿಯುತ್ತಿದ್ದರು.

ಆಚೆ ದಡದಲ್ಲಿದ್ದ ದಾಕ್ಷಾಯಣಿ ಬೇರೆ. ಒಮ್ಮೆ ಅವಳು ನೆಲುವಿನ ಮೇಲಿದ್ದ ಬೆಣ್ಣೆ ಗಡಿಗೆಗೆ ಕೈ ಚಾಚಿದಾಗ, ರವಿಕೆಯ ಬದಿಗೆ ಬೇರೆ ಬಣ್ಣದ ಪಟ್ಟಿಯೊಂದು ಕಂಡಿತು. ಹಸಿರು ರವಿಕೆಗೆ ಕಂಕುಳಿಂದ ಸೊಂಟದವರೆಗೆ ಕೆಂಪು ಪಟ್ಟಿ. ನಾನು ನೋಡಿದ್ದನ್ನು ಅವಳು ನೋಡಿದಳು.

"ಅಪ್ಪಂಗೆ ಹೇಳ್ಬೇಡ ಪ್ರಭು," ಎಂದಳು. "ಅಳತೆ ತಪ್ಪಿದೆ ಅಂದ್ರೆ ಎರಡು ದಿನ ಊಟ ಬಿಡ್ತಾರೆ."

"ಎಲ್ಲಾದಕ್ಕೂ ಹೀಗೇ ಹಚ್ಕೊಂಡಿದೀಯಾ?"

"ಮೊದಲನೇದರಿಂದ್ಲೂ. ಬಿಚ್ಚಿ ಸಡಿಲ ಮಾಡೋಣ ಅಂದ್ರೆ ಒಳಗೆ ಬಟ್ಟೆನೇ ಬಿಟ್ಟಿರಲ್ಲ. ಅವರ ಕೈ ಗೊತ್ತಲ್ಲ, ಒಂದು ಎಳೆ ವ್ಯರ್ಥ ಮಾಡಲ್ಲ." ಅವಳು ನಕ್ಕಳು. ಹೊರಗೆ ಹಾಲಮ್ಮ ಯಾರಿಗೋ ಜೋರಾಗಿ ಬಯ್ಯುತ್ತಿದ್ದರು, ಭಾವ ಏನೋ ಹಾಡಿಕೊಂಡು ಎತ್ತು ಕಟ್ಟುತ್ತಿದ್ದ. ಮೌನಕ್ಕೆ ಹೆದರಿದ್ದ ಅಕ್ಕನಿಗೆ ಆ ಮನೆಯಲ್ಲಿ ಮೌನ ಸಿಕ್ಕಿರಲೇ ಇಲ್ಲ. ಅದು ಉಳಿದದ್ದು ಈಚೆ ದಡದಲ್ಲಿ, ನಮ್ಮ ಅಂಗಡಿಯಲ್ಲಿ. ಮೆಷಿನ್ ನಿಂತಾಗ ಅಪ್ಪನ ಉಸಿರು ನನಗೆ ಕೇಳಿಸುತ್ತಿತ್ತು.

ಆಮೇಲೆ ಅಕ್ಕ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನದು. ಆದರೆ ಅಪ್ಪ ಹೊಳೆ ದಾಟಿರಲಿಲ್ಲ, ಅವಳು ಬರುವಂತಿರಲಿಲ್ಲ. ಹಾಲಮ್ಮನೇ ಬಾಣಂತನ ಮಾಡಿದರು. ಹೆಣ್ಣುಮಗು. ಈಗ ತೊಟ್ಟಿಲಿಗೆ ಹಾಕುವ ದಿನ ಬಂದಿತ್ತು. ಮಗುವಿನ ತಲೆಗೆ ಕುಲಾವಿ ಕಟ್ಟಬೇಕಾದವರು ತಾಯಿಯ ತಂದೆ, ಸ್ವಂತ ಕೈಯಿಂದ. ಅವರು ಕಟ್ಟಿದ ಮೇಲೇ ಹೆಸರು. ಅವರು ಬರದೆ ತೊಟ್ಟಿಲು ತೂಗಿದರೆ ಆ ಮಗುವಿಗೆ ತಾಯಿಯ ಕಡೆ ಯಾರೂ ಇಲ್ಲವೆಂದು ಅರ್ಥ, ಮತ್ತೆ ಎಂದೂ ಆ ಸಂಬಂಧ ಕೂಡಿಸುವಂತಿಲ್ಲ. ಇವತ್ತು ದಾಟದಿದ್ದರೆ ಅಪ್ಪನಿಗೆ ಮಗಳ ಮನೆಯೂ ಇಲ್ಲ, ಮಗಳಿಗೆ ತವರೂ ಇಲ್ಲ.

ಹಾಗಾಗಿ, ಅಪ್ಪ ಹರಿಗೋಲಿನಿಂದ ಇಳಿದು ಚಪ್ಪರದಲ್ಲಿ ತಲೆ ತಗ್ಗಿಸಿ ಕೂತಿದ್ದ ಆ ಬೆಳಿಗ್ಗೆ, ಮೈಲಾರಪ್ಪ ಆಚೆಗೆ ಹೋಗಿ ಹಾಲಮ್ಮನನ್ನೇ ಕರೆತಂದ. ಹೊಸ ಇಳಕಲ್ ಸೀರೆಯುಟ್ಟು ಬಂದ ಆಕೆ ಅಪ್ಪನ ಎದುರು ನೆಲದ ಮೇಲೇ ಕೂತರು.

"ತೊಟ್ಲು ಕಟ್ಟಿ ಎಷ್ಟೊತ್ತಾತು ಬೀಗ್ರೆ. ಕೂಸು ಹಸ್ಕಂಡು ಅಳ್ತೈತೆ. ಇವತ್ತು ಯಾತರ ಅಂಜಿಕಿಯಂತೆ, ನವಿಲಿಂದೋ? ಅದನ್ನೂ ಕಟ್ಟಿ ಹಾಕ್ಲೇನು?"

ಅಪ್ಪ ಗಂಟಿನ ಮಡಿಕೆ ಸರಿಮಾಡಿದರು. ಹಾಲಮ್ಮನ ದನಿ ಇಳಿಯಿತು.

"ನೋಡ್ರಿ, ಈ ಮದ್ವಿ ಆದ್ಮ್ಯಾಲೆ ನಾನು ಸಂತಿಗೆ ಬರೋವಾಗೆಲ್ಲ ಹರಿಗೋಲು ಕುಸಿಯಾಕೆ ಹತ್ತಿತ್ತು. ಮನಿ ಮ್ಯಾಲೆ ಮನಿ ಅಂದೆ, ನಲ್ಲಿ ನೀರು ಅಂದೆ, ಎಲ್ರೂ ನಕ್ರು, ಭಾರ ಇಳೀಲಿಲ್ಲ. ಕಡೀಕೆ ನಿಮ್ಮ ಮಗಳ ಮುಂದೇನೇ ಕುಂತು ಹೇಳಿದೆ. ಆಕೀನೂ ಪ್ಯಾಟಿಯೋಳೇ ಅಲ್ಲೇನು? ನನ್ನ ಮಗನ್ನ ನಿಮ್ಮ ಪ್ಯಾಟಿಗೆ ಎಳಕಂಡು ಹೋಗ್ತೀಯೇನವ್ವ, ಅವ್ನಿಗೆ ಅಲ್ಲೇ ಚಲೋ ಅನ್ಸಿಬಿಟ್ರೆ ನಾನೇನ್ಮಾಡ್ಲಿ ಅಂದೆ. ಆಕಿ ನಗ್ಲಿಲ್ಲ. ಎಣ್ಣಿ ಬಟ್ಲು ತಂದು ನನ್ನ ತಲೀಗೆ ಎಣ್ಣಿ ಹಚ್ಚಿದ್ಲು. ಮರುದಿನ ನೋಡ್ರಿ, ಹರಿಗೋಲು ಹೂವಿನಂಗೆ ತೇಲ್ತು."

ಅಪ್ಪ ತಲೆಯೆತ್ತಿದರು. ಬಾಯಿ ತೆರೆದರು. ಆ ಒಂದು ಕ್ಷಣದ ಸುಮ್ಮನಿರುವಿಕೆ ಬಂತು, ನಾನು ಚಪ್ಪರದಲ್ಲಿ ಎಷ್ಟೋ ಸಲ ಕೇಳಿದ್ದು. ಇಷ್ಟು ಉದ್ದವಾಗಿ ಎಂದೂ ಕೇಳಿರಲಿಲ್ಲ. ಹೊಳೆಯ ನೀರು ಕಲ್ಲಿಗೆ ತಾಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಹೇಳುತ್ತಾರೆ ಅಂದುಕೊಂಡೆ.

"ಅದೇನಂದ್ರೆ ಹಾಲಮ್ಮನೋರೆ," ಎಂದರು ಅಪ್ಪ, ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನನಗೆ ಈ ಸಗಣಿ ವಾಸನೆ ಆಗಲ್ಲ."

ಹಾಲಮ್ಮ ಅವರನ್ನು ನೋಡಿದರು. ನಗಲಿಲ್ಲ. "ಆತು ಬಿಡ್ರಿ," ಎಂದು ಎದ್ದು ಮೊಣಕಾಲ ಧೂಳು ಕೊಡವಿಕೊಂಡರು. "ಲೇ ಮೈಲಾರಿ, ಹೇಳದಿದ್ರೆ ಹೇಳದಂಗೇ ಒಯ್ಯೋಣು. ಊರಾಗೆ ಸೋರೆ ಬುರುಡಿ ಎಷ್ಟಿದಾವೆ ಎಲ್ಲ ತರಸು."

ಆಚೆ ದಡದಿಂದ ಒಣಗಿದ ಸೋರೆ ಬುರುಡೆಗಳು ಬಂದವು, ಜೊತೆಗೆ ಗಂಡಸರೂ. ಮಕ್ಕಳಿಗೆ ಈಜು ಕಲಿಸುವಾಗ ಸೊಂಟಕ್ಕೆ ಕಟ್ಟುವಂಥವು. ಹಳ್ಳಿಯ ಗಂಡಸರು ಅವನ್ನು ಹರಿಗೋಲಿನ ಸುತ್ತ ಮಾಲೆಯಂತೆ ಕಟ್ಟಿದರು. ಆಮೇಲೆ ತಾವೂ ನೀರಿಗಿಳಿದು ಅಂಚು ಹಿಡಿದರು. ನಾನೂ ಒಂದು ಬುರುಡೆ ಕಟ್ಟಿಕೊಂಡು ಇಳಿದೆ. ಅಪ್ಪ ಒಬ್ಬರೇ ನಡುವೆ ಕೂತರು. ಹರಿಗೋಲು ಕುಸಿಯಿತು, ಬುರುಡೆಗಳು ಕಿರುಗುಟ್ಟಿದವು, ನೀರು ಅಂಚಿನಲ್ಲಿ ತಡೆದು ನಿಂತಿತು. ನಾವು ಮೆಲ್ಲಗೆ ತಳ್ಳಿದೆವು. ಅಪ್ಪ ಕುಲಾವಿಯ ಗಂಟನ್ನು ತಲೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ನಡುನೀರಿನಲ್ಲಿ, ಅಂಚು ಹಿಡಿದು ಈಜುತ್ತಿದ್ದ ಮೈಲಾರಪ್ಪ ಕೇಳಿದ, "ಈಗ್ಲಾದ್ರೂ ಅಂದುಬಿಡ್ರಿ ಯಜಮಾನ್ರೆ. ನನಗೆ ತೋಳು ಬಿದ್ದು ಹೋಗಾಕ್ಹತ್ಯಾವ."

"ಪ್ರಭು," ಎಂದರು ಅಪ್ಪ, "ಗಂಟು ನೆಂದಿದೆಯಾ ನೋಡು."

ಲಾಟೀನು ತೂಗುಹಾಕಿದ ಮರಗಳ ಕೆಳಗೆ, ಕಟ್ಟಿಹಾಕಿದ ನಾಯಿಗಳನ್ನು ದಾಟಿ, ಎತ್ತರದ ಕಟ್ಟೆಯ ಬಾವಿಯನ್ನು ಬಳಸಿ ಅಪ್ಪ ನಡೆದರು. ಯಾವುದರ ಕಡೆಗೂ ನೋಡಲಿಲ್ಲ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬಾಣಂತಿಯ ಮುಖ ದುಂಡಗೆ ಹೊಳೆಯುತ್ತಿತ್ತು. ಅಂದು ಅವಳು ತೊಟ್ಟಿದ್ದು ಮದುವೆಯಾದ ವರ್ಷ ಅಪ್ಪ ಕಳಿಸಿದ್ದ ಮೊದಲ ರವಿಕೆ, ಆ ಹಸಿರಿನದೇ. ಅಪ್ಪನ ಕಾಲಿಗೆ ಬಗ್ಗಿ ಎದ್ದಾಗ ಸೆರಗು ಜಾರಿತು. ಅವಳು ತಟ್ಟನೆ ಮುಚ್ಚಿಕೊಂಡಳು. ಆದರೆ ಅಪ್ಪ ಟೈಲರು. ಅವರ ಕಣ್ಣು ಅದಾಗಲೇ ಅಲ್ಲಿಗೆ ಹೋಗಿತ್ತು.

"ತಿರುಗು," ಎಂದರು.

"ಅಪ್ಪಾ, ಅದು ಈಗ ಬಾಣಂತಿ ಅಂತ…"

"ತಿರುಗವ್ವ."

ಅಕ್ಕ ಕೈ ಎತ್ತಿ ತಿರುಗಿದಳು. ಅಪ್ಪ ಆ ಕೆಂಪು ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದರು. ಹಸಿರು ಎಷ್ಟು ಮಾಸಿತ್ತೋ ಕೆಂಪೂ ಅಷ್ಟೇ ಮಾಸಿತ್ತು. ಎರಡೂ ಒಟ್ಟಿಗೇ ಒಗೆದು, ಒಟ್ಟಿಗೇ ಬಿಸಿಲಿಗೆ ಹಾಕಿದ ಬಣ್ಣ. ನಿನ್ನೆ ಮೊನ್ನೆ ಹಚ್ಚಿದ ಪಟ್ಟಿಯಲ್ಲ ಅದು. ಅಪ್ಪನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮದುವೆಯಾಗಿ ಬಂದ ಮೊದಲ ಹಬ್ಬದಿಂದಲೇ ಮಗಳು ಅವರ ಅಳತೆಯನ್ನು ಮೀರಿದ್ದಳು.

"ಹೊಲಿಗೆ ಚೆನ್ನಾಗಿ ಹಾಕಿದೀಯ," ಎಂದರು. "ಕೈ ಹೊಲಿಗೆ?"

"ಹ್ಞೂಂ. ನೀವೇ ಕಲಿಸಿದ್ದಲ್ಲ."

ಅಪ್ಪ ಕೊರಳಿನ ಟೇಪು ತೆಗೆದರು. ತೊಟ್ಟಿಲ ಸುತ್ತ ನೆರೆದ ಹೆಂಗಸರೆಲ್ಲ ನೋಡುತ್ತಿದ್ದಂತೆ, ಮಗು ಅಳುತ್ತಿದ್ದಂತೆ, ಮಗಳ ಅಳತೆ ತೆಗೆಯತೊಡಗಿದರು. ಭುಜ, ತೋಳು, ಎದೆಯ ಸುತ್ತು, ಸೊಂಟ. ಪ್ರತಿಯೊಂದನ್ನೂ ಮೆಲ್ಲಗೆ ಹೇಳಿ, "ಪ್ರಭು, ನೆನಪಿಟ್ಕೋ," ಎಂದರು. ಅಕ್ಕನ ಅಳತೆಯನ್ನು ಅಪ್ಪ ಇನ್ನೊಬ್ಬರಿಗೆ ನೆನಪಿಡಲು ಹೇಳಿದ್ದು ಅದೇ ಮೊದಲು. ಆಮೇಲೆ ತೊಟ್ಟಿಲ ಬಳಿ ಹೋಗಿ ಕುಲಾವಿ ಕಟ್ಟಿದರು. ಅದು ಮಗುವಿನ ತಲೆಗೆ ದೊಡ್ಡದಾಗಿತ್ತು, ಹುಬ್ಬಿನವರೆಗೆ ಇಳಿಯಿತು. ಹಾಲಮ್ಮ, "ಇರ್ಲಿ ಬಿಡ್ರಿ, ಬೆಳೀತಾಳೆ," ಎಂದರು. ಮಗುವಿಗೆ ನಮ್ಮ ಅಮ್ಮನ ಹೆಸರಿಟ್ಟರು. ಅಪ್ಪ ಎಲೆಯ ಮುಂದೆ ಕೂತು ಬಡಿಸಿದ್ದನ್ನೆಲ್ಲ ಉಂಡರು. ಹಿತ್ತಲಿನಿಂದ ಸಗಣಿಯ ವಾಸನೆ ಬರುತ್ತಿತ್ತು, ಮೂಗು ಮುಚ್ಚಲಿಲ್ಲ.

ಮರಳುವಾಗ ಈಜುವವರು ಮತ್ತೆ ಪಂಚೆ ಕಟ್ಟಿ ಸಿದ್ಧರಾಗಿದ್ದರು. ಬೇಕಾಗಲಿಲ್ಲ. ಅಪ್ಪ ಹತ್ತಿದಾಗ ಹರಿಗೋಲು ಅಲುಗಲೂ ಇಲ್ಲ. ನಾನೂ ಹತ್ತಿದೆ. ಅದು ಒಣ ಎಲೆಯಂತೆ ನೀರಿನ ಮೇಲೆ ಸುತ್ತತೊಡಗಿತು. ಹುಟ್ಟಿಗೆ ಸಿಗದೆ ಹೋದಾಗ ಮೈಲಾರಪ್ಪ ದಡದಿಂದ ಎರಡು ಕಲ್ಲು ತಂದು ಒಳಗಿಟ್ಟ.

"ಅಂತೂ ಹೇಳಿಬಿಟ್ರಲ್ಲ ಯಜಮಾನ್ರೆ," ಎಂದ ಖುಷಿಯಿಂದ. "ಯಾರ ಮುಂದೆ ಹೇಳಿದ್ರಿ? ಬೀಗಿತ್ತಿ ಮುಂದೋ?"

"ವಾಸನೆ ರೂಢಿಯಾಯ್ತಪ್ಪ," ಎಂದರು ಅಪ್ಪ.

ಅವರು ಆಚೆ ದಡವನ್ನೇ ನೋಡುತ್ತಿದ್ದರು. ಅಕ್ಕ ಮಗುವನ್ನೆತ್ತಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಭಾವ, ಹಾಲಮ್ಮ. ಮೂವರೂ ಏನಕ್ಕೋ ನಗುತ್ತಿದ್ದರು. ಅಪ್ಪನ ಕಣ್ಣು ತುಂಬಿತ್ತು. ಆಗಬಾರದೆಂದು ಅಂಜಿದ್ದು ಆಗಿಹೋಗಿದೆಯೆಂದು ತಿಳಿದ ಮೇಲೆ ಅದು ಭಯವಲ್ಲ, ದುಃಖ. ದುಃಖಕ್ಕೆ ನಮ್ಮ ಹೊಳೆಯಲ್ಲಿ ತೂಕವಿರಲಿಲ್ಲ.

ಆ ದೀಪಾವಳಿಗೆ ಅಕ್ಕ ತವರಿಗೆ ಬಂದಳು. ಅಪ್ಪ ಹೊಸ ಅಳತೆಗೆ ರವಿಕೆ ಹೊಲಿದಿದ್ದರು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು. ಆಮೇಲೆ ಅವರು ಎಷ್ಟೋ ಸಲ ಹೊಳೆ ದಾಟಿದರು. ಆಚೆ ದಡದ ಚಪ್ಪರದಲ್ಲಿ ಹಳ್ಳಿಯ ಮುದುಕರ ಭಯಗಳನ್ನು ಕೇಳಿ ನಕ್ಕರು, ತಮ್ಮ ಹಾವು, ಬಾವಿ, ಕತ್ತಲೆಯ ಕಥೆ ಹೇಳಿ ನಗಿಸಿದರು. ಮಗಳು ಆಚೆ ದಡದಲ್ಲಿ ತಾವಿಲ್ಲದೆಯೂ ಸುಖವಾಗಿರಬಹುದೆಂದು ಹೆದರಿದ್ದನ್ನು ಮಾತ್ರ ಅಪ್ಪ ಯಾರಿಗೂ ಹೇಳಲಿಲ್ಲ.